ಹಾಲು ಹಾಕಿದ ಮೇಲೆ ಆರಾಧನೆ

ನನ್ನ ಬೀಳ್ಕೊಡುಗೆಯ ದಿನ ಚರ್ಚಿನ ಸಭೆಯ ಕಾರ್ಯದರ್ಶಿಗಳು ನನಗೆ ಶಾಲು ಹೊದಿಸಿ, "ನಮ್ಮ ವೆಬ್‌ಸೈಟಿಗೆ ಆಧುನಿಕ ರೂಪ ಕೊಟ್ಟವರು ಇವರು" ಎಂದು ಮೈಕಿನಲ್ಲಿ ಹೇಳಿದರು. ಆ ಮಾತು ತಪ್ಪು. ವೇದಿಕೆಯ ಮೇಲೆ ತಿದ್ದುವುದು ಸಭ್ಯತೆಯಾಗುತ್ತಿರಲಿಲ್ಲ, ಈಗ ತಿದ್ದುತ್ತಿದ್ದೇನೆ. ನಾನು ಯಾವ ಆಧುನಿಕ ರೂಪವನ್ನೂ ಕೊಡಲಿಲ್ಲ. ಮುಖಪುಟದಲ್ಲಿ ಒಂದರ ಹಿಂದೊಂದು ಸರಿಯುತ್ತಿದ್ದ ಆರು ಬಣ್ಣದ ಚಿತ್ರಗಳನ್ನು ಕೆಳಕ್ಕೆ ತಳ್ಳಿ, ಆ ಜಾಗದಲ್ಲಿ ಹಳ್ಳಿಯವರು ಡೈರಿಗೆ ಹಾಲು ಹಾಕುವ ಹೊತ್ತನ್ನು ಬರೆದೆ. ಇದಕ್ಕಾಗಿ ನನಗೆ ಎರಡು ಸಲ ಲಿಖಿತ ಎಚ್ಚರಿಕೆ ಬಂತು. ಎರಡನ್ನೂ ದಿನಾಂಕದ ಕ್ರಮದಲ್ಲಿ ಫೈಲಿಗೆ ಸೇರಿಸಿದವಳೂ ನಾನೇ. ಕ್ಷಮಾಪಣೆ ಬರೆದುಕೊಡಲಿಲ್ಲ; ಈಗಲೂ ಬರೆಯುವುದಿಲ್ಲ.

ಕಳೆದ ವಾರ, ನನ್ನ ಕುರ್ಚಿಗೆ ಬಂದಿರುವ ನೀವು ಫೋನ್ ಮಾಡಿ ಕೇಳಿದಿರಿ: "ಮೇಡಂ, ಆರಾಧನೆಗೆ ಎಲ್ಲಾ ಹಳ್ಳಿಗೂ ಒಂದೇ ಟೈಮ್ ಹಾಕ್ಬಿಡ್ಲಾ? ನೀಟಾಗಿ ಕಾಣತ್ತೆ." ಫೋನಿನಲ್ಲಿ ಹೌದು, ಅಲ್ಲ ಎಂದು ಹೇಳಿ ಮುಗಿಸುವ ಪ್ರಶ್ನೆ ಅದಲ್ಲ. ನಾನೂ ಒಮ್ಮೆ ನೀಟಾಗಿ ಕಾಣಲೆಂದು ಒಂದೇ ಸಮಯ ಹಾಕಿದ್ದೆ. ಅದರಿಂದ ಏನಾಯಿತು ಎಂಬುದನ್ನು ನಿಮಗೂ, ನಿಮ್ಮ ನಂತರ ಬರುವವರಿಗೂ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಾನು ಸುಗಟೂರಿನವಳು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಮನೆ ನಮ್ಮದು. ಆ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿನವಳು. ಹತ್ತನೆಯ ತರಗತಿ ದಾಟಿದವರಲ್ಲಿಯೂ ನಾನೇ ಮೊದಲಿನವಳು. ನಾವು ಹಿಂದೂಗಳು. ಮನೆದೇವರ ಪೂಜೆಯನ್ನು ಇಂದಿಗೂ ತಪ್ಪಿಸಿಲ್ಲ. ಬಿ.ಎ. ಮುಗಿಸಿ, ಬೆರಳಚ್ಚಿನ ಪರೀಕ್ಷೆ ಪಾಸು ಮಾಡಿ, ಕೋಲಾರದ ಚರ್ಚಿನ ಕಚೇರಿಯಲ್ಲಿ ಟೈಪಿಸ್ಟ್ ಬೇಕಾಗಿದ್ದಾರೆಂದು ತಿಳಿದು ಅರ್ಜಿ ಹಾಕಿದೆ. ಸಂದರ್ಶನ ಮಾಡಿದವರು ಆಗಿನ ಹಿರಿಯ ಸಭಾಪಾಲಕರು. ಎಲ್ಲರೂ ಅವರನ್ನು ಅಯ್ಯನವರು ಎಂದು ಕರೆಯುತ್ತಿದ್ದರು.

"ನೀನು ನಮ್ಮ ಸಭೆಯವಳಲ್ಲ ಅಲ್ವೇನಮ್ಮ?" ಎಂದರು.

"ಅಲ್ಲ ಸಾರ್" ಎಂದೆ. ಕೆಲಸ ಕೈತಪ್ಪಿತು ಎಂದೇ ತಿಳಿದೆ.

"ಒಳ್ಳೇದೇ ಆಯ್ತು. ನಮ್ಮೋರಿಗೆ ಎಲ್ಲಾ ಗೊತ್ತಿರತ್ತೆ, ಅದಕ್ಕೇ ಏನೂ ಬರೆಯೋದಿಲ್ಲ. ನಿನಗೆ ಗೊತ್ತಿಲ್ಲದ್ದನ್ನ ಕೇಳು, ಕೇಳಿದ್ದನ್ನ ಬರಿ. ಹೊಸದಾಗಿ ಬರೋರಿಗೂ ಅಷ್ಟೇ ಬೇಕಾಗಿರೋದು."

ಈ ಮಾತಿನ ಬೆಲೆ ನನಗೆ ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು. ಊರಿನಲ್ಲಿ ದೊಡ್ಡಮ್ಮ ಬಸ್ ನಿಲ್ದಾಣದಲ್ಲಿಯೇ ಹಿಡಿದು ನಿಲ್ಲಿಸಿದಳು. "ಏನೇ, ಚರ್ಚಿಗೆ ಸೇರ್ಕೊಂಡ್ಯಂತೆ? ನಾಳೆ ಹೆಸ್ರೂ ಬದಲಾಯಿಸ್ಕೊಂತೀಯೇನೇ?" ನನ್ನ ತಾಯಿ ಪಕ್ಕದಲ್ಲಿದ್ದಳು. "ಅದಕ್ಕೆ ಅವ್ಳಿಗೆ ಪುರ್ಸೊತ್ತೆಲ್ಲೈತಕ್ಕಾ? ಬೆಳಗ್ಗಿಂದ ಸಾಯಂಕಾಲದ್ ಗಂಟ ಬೇರೆಯೋರ ಹೆಸ್ರು ಟೈಪ್ ಹೊಡೀಬೇಕು" ಎಂದಳು. ಅಲ್ಲಿಗೆ ಆ ಮಾತು ನಿಂತಿತು.

ಆ ಕಚೇರಿಯಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್, ಕೊನೆಗೆ ವೆಬ್‌ಸೈಟ್. ಮೂರರ ಮುಂದೆಯೂ ಒಂದೇ ಭಯ ಹಿಡಿದುಕೊಂಡು ಕೂತಿದ್ದೆ: ತಪ್ಪು ಬರೆದರೆ ಎಲ್ಲಿಂದ ಬಂದವಳೆಂದು ಜನರಿಗೆ ತಿಳಿದುಬಿಡುತ್ತದೆ. ಮೇಜಿನ ಖಾನೆಯಲ್ಲಿ ಯಾವಾಗಲೂ ಒಂದು ನಿಘಂಟು ಇರುತ್ತಿತ್ತು. ಯಾರಾದರೂ "ಸಂಡೇ ಪೂಜೆ ಎಷ್ಟು ಗಂಟೆಗಮ್ಮ?" ಎಂದು ಕೇಳಿದರೆ, "ಪೂಜೆಯಲ್ಲ, ಆರಾಧನೆ" ಎಂದು ತಿದ್ದಿ ಆಮೇಲೆ ಉತ್ತರ ಹೇಳುತ್ತಿದ್ದೆ. ಸಭೆಗೆ ಸೇರಿದವರೇ ಅಷ್ಟು ತಿದ್ದುತ್ತಿರಲಿಲ್ಲ. ಈ ಸ್ವಭಾವವೇ ಮುಂದೆ ನನ್ನನ್ನು ಕೆಡಿಸಿತು.

ವೆಬ್‌ಸೈಟ್ ಬಂದದ್ದು ಕಾರ್ಯದರ್ಶಿಗಳ ಉತ್ಸಾಹದಿಂದ. ಅವರು ನಿವೃತ್ತ ಮುಖ್ಯೋಪಾಧ್ಯಾಯರು. ಬಿಳಿ ಅಂಗಿಯ ಮಡಿಕೆ ಮುರಿಯದಂತೆ ಕುಳಿತುಕೊಳ್ಳುವವರು. ಬೆಂಗಳೂರಿನ ಯಾರಿಂದಲೋ ಮಾಡಿಸಿ ತಂದರು. ತೆರೆದರೆ ಆರು ಚಿತ್ರಗಳು ಸರಿಯುತ್ತವೆ: ಗೋಪುರ, ಗಾಯನ ತಂಡ, ಕಮಿಟಿ, ಇನ್ನೊಮ್ಮೆ ಗೋಪುರ. "ಇನ್ನು ಮೇಲೆ ಇದು ನಿಮ್ಮ ಜವಾಬ್ದಾರಿ" ಎಂದು ನನಗೆ ಒಪ್ಪಿಸಿದರು. ಏನು ಮಾಡಬೇಕೆಂದು ಅವರು ಹೇಳಲಿಲ್ಲ; ನಾನೂ ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲವೆಂದಾಗುತ್ತದಲ್ಲ.

ಡಿಸೆಂಬರಿನಲ್ಲಿ ಕ್ರಿಸ್ಮಸ್ ಶುಭಾಶಯ ಹಾಕಿದೆ. ಕಾಗುಣಿತ ನಾಲ್ಕು ಸಲ ನೋಡಿದೆ. ತೆಗೆಯಬೇಕೆಂಬುದೇ ಹೊಳೆಯಲಿಲ್ಲ. ಒಂದು ದಿನ ಮಾಲೂರಿನ ಕಮಿಟಿ ಸದಸ್ಯರೊಬ್ಬರು ಫೋನ್ ಮಾಡಿದರು. ಹಾಸ್ಯವಿಲ್ಲದೆ ಒಂದು ವಾಕ್ಯವನ್ನೂ ಮುಗಿಸದ ಮನುಷ್ಯ.

"ಮೇಡಂ, ಶ್ರೀನಿವಾಸಪುರದಲ್ಲಿ ಮಾವಿನಕಾಯಿ ಲಾರಿ ತುಂಬ್ತಾವ್ರೆ. ನಿಮ್ಮಲ್ಲಿ ಇನ್ನೂ ಕ್ರಿಸ್ಮಸ್ ಮುಗ್ದಿಲ್ವಾ? ಕೇಕ್ ಉಳ್ದಿದ್ರೆ ಕಳಿಸ್ಕೊಡಿ."

ನಾಚಿಕೆಯಿಂದ ಅಂದೇ ತೆಗೆದೆ. ಸಂಜೆ ಮನೆಯಲ್ಲಿ ಹೇಳಿದಾಗ ತಾಯಿ ಹುಳುವಿನ ತಟ್ಟೆಗೆ ಸೊಪ್ಪು ಹರಡುತ್ತಾ ಹೇಳಿದಳು: "ನೆನ್ನೆ ಸೊಪ್ಪು ಇವತ್ತು ಹಾಕಿದ್ರೆ ಹುಳ ಮೂಸೂ ನೋಡಲ್ಲ. ಜನ ನೋಡ್ತಾರಾ?" ಈ ಕೆಲಸದ ಕುರಿತು ನನಗೆ ದೊರೆತ ಒಂದೇ ತರಬೇತಿ ಇದು. ಬೇರೆ ತರಬೇತಿ ಬೇಕಾಗಲೂ ಇಲ್ಲ.

ಎರಡನೆಯ ಪಾಠ ಮುಳಬಾಗಿಲಿನಿಂದ ಬಂತು. ಅಲ್ಲಿಯ ಚರ್ಚಿನ ಸುಗ್ಗಿ ಹಬ್ಬದ ಚಿತ್ರಗಳನ್ನು ಹಾಕಿದ್ದೆ. ವೇದಿಕೆ, ಹಾರ, ಅತಿಥಿಗಳು, ಅತಿಥಿಗಳ ಪಕ್ಕದ ಅತಿಥಿಗಳು. ಮುಂದಿನ ವಾರ ಯಾವುದೋ ಪ್ರಮಾಣಪತ್ರಕ್ಕೆಂದು ಕಚೇರಿಗೆ ಬಂದ ಅಲ್ಲಿನ ಮಹಿಳೆಯೊಬ್ಬರು ನನ್ನ ಮೇಜಿನ ಮುಂದೆ ಸೆರಗು ಬಿಗಿದು ನಿಂತರು.

"ಕೂತೋರ್ದೆಲ್ಲಾ ಹಾಕಿದೀಯಲ್ಲಮ್ಮ, ಅವ್ರು ತಿಂದಿದ್ದು ಯಾರ ಕೈಯ್ದು? ಮುನ್ನೂರು ಮುದ್ದೆ ಕಟ್ಟಿದೀವಿ, ಅಂಗೈ ಸುಟ್ಟೋಗದೆ. ಒಂದು ಮುದ್ದೆ ಫೋಟೋನೂ ಸಿಕ್ಲಿಲ್ವಾ ನಿಂಗೆ?"

ಮರುವರ್ಷ ನಾನೇ ಹೋಗಿ ಅಡುಗೆಯ ಜಾಗದಲ್ಲಿ ನಿಂತು ಚಿತ್ರ ತೆಗೆದೆ. ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡ ಐವರು, ಪ್ರತಿಯೊಬ್ಬರ ಹೆಸರು, ಅವರವರ ಊರು. ಕಾರ್ಯದರ್ಶಿಗಳು, "ಚರ್ಚಿನ ಮುಖಪುಟದಲ್ಲಿ ಮುದ್ದೆಯಾ?" ಎಂದು ಮುಖ ಸಿಂಡರಿಸಿದರು. ಆದರೆ ಆ ವಾರ ಬಂದಷ್ಟು ಫೋನುಗಳು ಅದಕ್ಕೆ ಮುಂಚೆ ಎಂದೂ ಬಂದಿರಲಿಲ್ಲ. ಎಲ್ಲೆಲ್ಲಿಗೋ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತಮ್ಮ ತಾಯಂದಿರನ್ನು ನೋಡಲು ಆ ಪುಟ ತೆರೆದಿದ್ದರು. ವೇದಿಕೆಯ ಮೇಲಿರುವವರು ತಮ್ಮ ಚಿತ್ರವನ್ನು ತಾವೇ ಒಮ್ಮೆ ನೋಡಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಇದನ್ನು ನೆನಪಿಡಿ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಕೋಲಾರದ ದೊಡ್ಡ ಚರ್ಚಿಗೆ ಸೇರಿದ ಏಳು ಚಿಕ್ಕ ಚರ್ಚುಗಳು ಮೂರು ತಾಲ್ಲೂಕುಗಳಲ್ಲಿವೆ. ಒಬ್ಬೊಬ್ಬ ಸಭಾಪಾಲಕರು ಭಾನುವಾರ ಎರಡು ಮೂರು ಹಳ್ಳಿಗಳಿಗೆ ಹೋಗಬೇಕು. ಎಲ್ಲಾ ಚರ್ಚುಗಳ ಆರಾಧನೆಯ ಸಮಯವನ್ನು ವೆಬ್‌ಸೈಟಿನಲ್ಲಿ ಪ್ರಕಟಿಸುವಂತೆ ಕಮಿಟಿ ನನಗೆ ಸೂಚಿಸಿತು. ನಾನು ಒಂದೊಂದು ಹಳ್ಳಿಗೂ ಫೋನ್ ಮಾಡಿದೆ. ರಾಯಲ್ಪಾಡಿನ ಹತ್ತಿರದ ಹಳ್ಳಿಯಲ್ಲಿ ಚರ್ಚಿನ ಕೀಲಿ ಇಟ್ಟುಕೊಳ್ಳುವ ಹಿರಿಯರು ಯಾಕೋಬಪ್ಪನವರು. ಒಂದೂವರೆ ಎಕರೆ ಟೊಮೆಟೊ, ಎರಡು ಹಸು. ಆಂಧ್ರದ ಗಡಿಗೆ ಕೂಗಳತೆಯ ಊರು. ಮಾತು ಅರ್ಧ ತೆಲುಗು.

"ನಿಮ್ಮಲ್ಲಿ ಆರಾಧನೆ ಎಷ್ಟು ಗಂಟೆಗೆ?" ಎಂದು ಕೇಳಿದೆ.

"ಪಾಲು ಪೋಸೊಚ್ಚಿನಾಕಮ್ಮ" ಎಂದರು. ನನಗೆ ಅರ್ಥವಾಗಲಿಲ್ಲವೆಂದುಕೊಂಡು ಕನ್ನಡದಲ್ಲಿ ಹೇಳಿದರು: "ಡೈರಿಗೆ ಹಾಲು ಹಾಕಿ ಬಂದ್ಮೇಲೆ."

"ಗಂಟೆ ಹೇಳಿ ಯಾಕೋಬಪ್ಪನವರೇ."

"ಗಂಟೆ ಏನು ಹೇಳ್ಲಿ? ಎಂಟಾಯ್ತದೆ. ಡೈರಿ ಸೆಕ್ರೆಟರಿ ಲೇಟಾಗಿ ಬಂದ್ರೆ ಎಂಟೂವರೆ. ಟೊಮೆಟೊ ಬಿಡ್ಸೋ ದಿನ ಆದ್ರೆ ಏಳಕ್ಕೇ ಶುರು ಮಾಡಿ ಮುಗಿಸ್ಕೊಂಡು ತೋಟಕ್ಕೆ ಓಗ್ತೀವಿ. ನಮ್ಮೂರೋರಿಗೆಲ್ಲಾ ಗೊತ್ತೈತಮ್ಮ."

ಸುಗಟೂರಿನಲ್ಲಿ ಹುಟ್ಟಿದ ನನಗೆ ಆ ಮಾತು ಚೆನ್ನಾಗಿ ಅರ್ಥವಾಗಿತ್ತು. ನಮ್ಮ ಮನೆಯಲ್ಲಿಯೂ ಹೊತ್ತನ್ನು ಹೀಗೆಯೇ ಅಳೆಯುತ್ತಿದ್ದೆವು: ಸೊಪ್ಪು ಹಾಕಿದ ಮೇಲೆ, ಹಾಲು ಕರೆಯುವ ಮುಂಚೆ. ಆದರೆ ಒಬ್ಬ ಪದವೀಧರೆ ಒಂದು ಚರ್ಚಿನ ವೆಬ್‌ಸೈಟಿನಲ್ಲಿ ಹಾಗೆ ಬರೆಯುವುದೇ? ಓದಿದವರು ಏನೆಂದುಕೊಂಡಾರು? ಕೋಲಾರದ ಚರ್ಚಿನಲ್ಲಿ ಆರಾಧನೆ ಒಂಬತ್ತೂವರೆಗೆ. ಏಳೂ ಹಳ್ಳಿಗಳ ಮುಂದೆ ಒಂಬತ್ತೂವರೆ ಎಂದು ಹಾಕಿದೆ. ಪಟ್ಟಿ ಒಂದೇ ಅಳತೆಯಲ್ಲಿ, ಒಂದೇ ಸಾಲಿನಲ್ಲಿ ನಿಂತಿತು. ಕಾರ್ಯದರ್ಶಿಗಳು ಮೆಚ್ಚಿದರು. ಆ ದಿನ ನಾನು ಬಹಳ ಸಂತೋಷಪಟ್ಟೆ ಎಂಬುದನ್ನೂ ಮರೆಮಾಚದೆ ಹೇಳಬೇಕು.

ಕೆಲವು ತಿಂಗಳ ನಂತರ ಒಂದು ಇ-ಮೇಲ್ ಬಂತು. ಬರೆದವರು ಧಾರವಾಡದ ಒಬ್ಬ ಶಾಲಾ ಶಿಕ್ಷಕಿ. ಅವರ ತಾಯಿ ಯಾಕೋಬಪ್ಪನವರ ಹಳ್ಳಿಯವರು. ಆ ತಾಯಿಯ ಸಮಾಧಿ ಅಲ್ಲಿನ ಚರ್ಚಿನ ಹಿಂದೆ, ಕಾಂಪೌಂಡಿನ ಒಳಗೇ ಇದೆ. ತಾಯಿ ತೀರಿಕೊಂಡ ತಾರೀಖು ಆ ವರ್ಷ ಭಾನುವಾರ ಬಿದ್ದಿತ್ತು. ತಾಯಿಯ ಊರಿನ ಆರಾಧನೆಯಲ್ಲಿ ಕುಳಿತು, ಆಮೇಲೆ ಸಮಾಧಿಗೆ ಹೂವಿಡಬೇಕೆಂದು ಹಿಂದಿನ ದಿನವೇ ಹೊರಟು ಬಂದಿದ್ದರು. ಹಳ್ಳಿಯನ್ನು ಮುಟ್ಟಿದಾಗ ಒಂಬತ್ತೂಕಾಲು. ಆ ದಿನ ಟೊಮೆಟೊ ಬಿಡಿಸುವ ದಿನ. ಆರಾಧನೆ ಎಂಟಕ್ಕೇ ಮುಗಿದಿತ್ತು, ಸಭಾಪಾಲಕರು ಮುಂದಿನ ಹಳ್ಳಿಯಲ್ಲಿದ್ದರು, ಊರೆಲ್ಲ ತೋಟದಲ್ಲಿತ್ತು, ಕೀಲಿ ಯಾಕೋಬಪ್ಪನವರ ಜೇಬಿನಲ್ಲಿತ್ತು. ಗೋಡೆಯ ಆಚೆಗೆ ಸಮಾಧಿಯ ಶಿಲುಬೆಯ ತುದಿ ಮಾತ್ರ ಕಾಣುತ್ತಿತ್ತಂತೆ. ಹೂವನ್ನು ಗೇಟಿಗೆ ಸಿಕ್ಕಿಸಿ ಹಿಂದಿರುಗಿದ್ದರು. ಪತ್ರದ ಕೊನೆಯಲ್ಲಿ ಹೀಗಿತ್ತು: "ನಿಮ್ಮ ವೆಬ್‌ಸೈಟ್ ನೋಡಿ ಬಂದೆ. ಬೀಗ ನೋಡಿ ಹೋದೆ."

ಕಾಗುಣಿತದ ತಪ್ಪು ಆ ಪಟ್ಟಿಯಲ್ಲಿ ಒಂದೂ ಇರಲಿಲ್ಲ. ಏಳು ಸಾಲುಗಳಲ್ಲಿ ಒಂದಾದರೂ ನಿಜವಾಗಿರಲಿಲ್ಲ.

ಅವರಿಗೆ ಉತ್ತರ ಬರೆದೆ. ತಪ್ಪು ಹಳ್ಳಿಯವರದಲ್ಲ, ಸಭಾಪಾಲಕರದಲ್ಲ, ನನ್ನದು. ಯಾಕೋಬಪ್ಪನವರು ಸರಿಯಾಗಿಯೇ ಹೇಳಿದ್ದರು, ನಾನು ಬದಲಾಯಿಸಿದೆ ಎಂದು ಬರೆದೆ. ಮತ್ತೆ ಬನ್ನಿ, ಈ ಸಲ ಬಾಗಿಲು ತೆರೆದಿರುತ್ತದೆ ಎಂದೂ ಬರೆದೆ. ಉತ್ತರ ಬರಲಿಲ್ಲ. ಬಾರದಿದ್ದುದೇ ನ್ಯಾಯ. ಆದರೆ ಅವರು ಮತ್ತೊಮ್ಮೆ ಆ ಪುಟ ತೆರೆದರೆ ಅಲ್ಲಿ ನಿಜ ಇರಬೇಕು ಎಂದು ಅಂದೇ ನಿರ್ಧರಿಸಿದೆ. ಮುಂದೆ ನಾನು ಮಾಡಿದ ಜಗಳಗಳೆಲ್ಲವೂ ಆ ಒಬ್ಬರಿಗಾಗಿ.

ಆ ವಾರದಿಂದ ಪ್ರತಿ ಶನಿವಾರ ಸಂಜೆ ಐದೂವರೆಗೆ ಏಳು ಹಳ್ಳಿಗಳಿಗೂ ಫೋನ್ ಮಾಡತೊಡಗಿದೆ. "ಈ ಭಾನುವಾರ" ಎಂಬ ಪುಟವನ್ನು ತೆರೆದು ಮುಖಪುಟದ ನೆತ್ತಿಯ ಮೇಲಿಟ್ಟೆ. ರಾಯಲ್ಪಾಡಿನ ಕಡೆಯ ಆ ಹಳ್ಳಿಯ ಮುಂದೆ ಹೀಗೆ ಬರೆದೆ: "ಡೈರಿಗೆ ಹಾಲು ಹಾಕಿದ ಮೇಲೆ, ಸುಮಾರು ಎಂಟಕ್ಕೆ. ಈ ವಾರ ಟೊಮೆಟೊ ಬಿಡಿಸುವುದಿಲ್ಲ. ಗೇಟಿಗೆ ಬೀಗವಿದ್ದರೆ ಡೈರಿಯ ಎದುರಿನ ನೀಲಿ ಬಾಗಿಲಿನ ಮನೆಯಲ್ಲಿ ಯಾಕೋಬಪ್ಪನವರನ್ನು ಕೇಳಿ. ಕನ್ನಡ, ತೆಲುಗು ಎರಡರಲ್ಲೂ ಹಾಡುತ್ತಾರೆ. ಹಾಡಿನ ಪುಸ್ತಕ ಅಲ್ಲಿಯೇ ಸಿಗುತ್ತದೆ." ಅದರ ಕೆಳಗೆ ಶ್ರೀನಿವಾಸಪುರದಿಂದ ಬರುವ ಬಸ್ಸಿನ ಹೊತ್ತು. ಚಪ್ಪಲಿ ಎಲ್ಲಿ ಬಿಡಬೇಕು, ಎಲ್ಲಿ ಕೂರಬೇಕು, ಸಭೆಗೆ ಸೇರದವರು ಬಂದು ಕೂರಬಹುದೇ ಎಂಬುದನ್ನೂ ಒಂದೊಂದಾಗಿ ಕೇಳಿ ಬರೆದೆ. ಕೆಲಸಕ್ಕೆ ಸೇರಿದ ಮೊದಲ ದಿನಗಳಲ್ಲಿ ನನಗೆ ಗೊತ್ತಿಲ್ಲದಿದ್ದ, ಕೇಳಲು ಹೆದರಿದ್ದ ಪ್ರಶ್ನೆಗಳೇ ಅವು.

ಸೋಮವಾರ ಕಾರ್ಯದರ್ಶಿಗಳು ಬಂದರು. ಕುಳಿತುಕೊಳ್ಳಲಿಲ್ಲ.

"ಏನಿದು? ಸಭೆಯ ವೆಬ್‌ಸೈಟೋ, ಡೈರಿ ಬೋರ್ಡೋ?"

"ಸಭೆಯದೇ ಸಾರ್. ಹೊತ್ತು ಡೈರಿಯದು."

"ಹಾಲು, ಟೊಮೆಟೊ, ನೀಲಿ ಬಾಗಿಲು... ಹೊರಗಿನೋರು ಓದಿದ್ರೆ ನಗ್ತಾರೆ. ಒಂದು ಶಿಸ್ತು ಬೇಡ್ವಾ? ಒಂಬತ್ತೂವರೆ ಅಂತ ಹಾಕಿ. ಹಳ್ಳಿಯೋರೂ ಕಲೀಲಿ."

"ಹಳ್ಳಿಯವರು ಈ ಪುಟ ಓದುವುದಿಲ್ಲ ಸಾರ್. ಅವರಿಗೆ ಗೊತ್ತಿದೆ. ಓದುವವರು ಹೊರಗಿನವರೇ. ಅವರು ನಕ್ಕರೂ ಪರವಾಗಿಲ್ಲ, ಬೀಗ ನೋಡಬಾರದು."

ಆಗ ಅವರು ಒಂದು ಮಾತು ಹೇಳಿದರು. "ನೋಡೀಮ್ಮ, ಬೇಜಾರು ಮಾಡ್ಕೋಬೇಡಿ. ನೀವು ನಮ್ಮೋರಲ್ಲ. ಆರಾಧನೆಯ ಗಾಂಭೀರ್ಯ ನಿಮಗೆ ಅರ್ಥ ಆಗೋದಿಲ್ಲ."

ಬೇಜಾರಾಯಿತು. ಇಪ್ಪತ್ತು ವರ್ಷ ಆ ಚರ್ಚಿನ ಮದುವೆ, ಮರಣ, ನಾಮಕರಣಗಳನ್ನೆಲ್ಲ ಬೆರಳಚ್ಚು ಮಾಡಿದವಳಿಗೆ ಬೇಜಾರಾಗದೆ ಇರುತ್ತದೆಯೇ? ಸಾಮಾನ್ಯವಾಗಿ ನಾನು ಎದುರುತ್ತರ ಕೊಡುವವಳಲ್ಲ. ಅಂದು ಕೊಟ್ಟೆ. "ನಿಜ ಸಾರ್, ನಾನು ನಿಮ್ಮವಳಲ್ಲ. ಅದಕ್ಕೇ ಬಾಗಿಲ ಹೊರಗೆ ನಿಂತವರಿಗೆ ಏನು ಕಾಣುತ್ತದೆ ಎಂಬುದು ನನಗೆ ಗೊತ್ತು." ಮೊದಲನೆಯ ಲಿಖಿತ ಎಚ್ಚರಿಕೆ ಬಂದದ್ದು ಇದಾದ ಮೂರನೆಯ ದಿನ. ಎರಡನೆಯದು, ನಾನು ಪುಟವನ್ನು ಬದಲಾಯಿಸದೆ ಇನ್ನೊಂದು ತಿಂಗಳು ಕಳೆದ ಮೇಲೆ.

ವಿಷಯ ಕಮಿಟಿಗೆ ಹೋಯಿತು. ಹೊಸ ವೆಬ್‌ಸೈಟ್ ಮಾಡಿಸುವುದು, ಅದರಲ್ಲಿ ಏಕರೂಪದ ವೇಳಾಪಟ್ಟಿ ಇರುವುದು, "ಈ ಭಾನುವಾರ" ಪುಟವನ್ನು ಕೈಬಿಡುವುದು ಎಂಬ ನಿರ್ಣಯದ ಕರಡನ್ನು ಬೆರಳಚ್ಚು ಮಾಡಿದವಳೂ ನಾನೇ. ಕಮಿಟಿ ಸೇರಿದ್ದು ಒಂದು ಶನಿವಾರ ಸಂಜೆ. ನಾನು ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಗಡಿಯಾರ ಐದೂವರೆ ತೋರಿಸಿತು. ಎದ್ದು ನಿಂತೆ.

"ನನಗೆ ಈಗ ಹಳ್ಳಿಗಳಿಗೆ ಫೋನ್ ಮಾಡುವ ಕೆಲಸವಿದೆ. ಅನುಮತಿ ಕೊಟ್ಟರೆ ಇಲ್ಲಿಂದಲೇ ಮಾಡುತ್ತೇನೆ. ತಾವೂ ಕೇಳಬಹುದು."

"ಮಾಡಿ ಮಾಡಿ, ನಾವೂ ಕೇಳೋಣ" ಎಂದರು ಮಾಲೂರಿನ ಸದಸ್ಯರು. ಕಾರ್ಯದರ್ಶಿಗಳು ಬೇಡವೆನ್ನುವ ಮುಂಚೆ ಸ್ಪೀಕರ್ ಹಾಕಿ ಮೊಬೈಲನ್ನು ಮೇಜಿನ ನಡುವೆ ಇಟ್ಟೆ. ಯಾಕೋಬಪ್ಪನವರ ನಂಬರು ಒತ್ತಿದೆ.

"ಎವರೂ? ಆಫೀಸಮ್ಮನಾ? ಚೆಪ್ಪಮ್ಮಾ, ಹೇಳಿ" ಎಂದರು ಯಾಕೋಬಪ್ಪನವರು. ಹಿಂದೆ ಹಸು ಕೂಗುತ್ತಿತ್ತು.

"ಕಮಿಟಿಯವರೆಲ್ಲ ಇಲ್ಲೇ ಕೂತಿದ್ದಾರೆ ಯಾಕೋಬಪ್ಪನವರೇ, ನಿಮ್ಮ ಮಾತು ಎಲ್ಲರಿಗೂ ಕೇಳುತ್ತಿದೆ."

"ಎಲ್ರಿಗೂ ನಮಸ್ಕಾರ" ಎಂದರು.

"ನಾಳೆ ಎಷ್ಟು ಹೊತ್ತಿಗೆ?"

"ನಾಳೆ ಟೊಮೆಟೊ ಬಿಡ್ಸೋದೈತಮ್ಮ. ಏಳಕ್ಕೆ."

"ಎಲ್ಲಾ ಕಡೆಯೂ ಒಂಬತ್ತೂವರೆ ಎಂದು ಮಾಡಿದರೆ ನಿಮಗೆ ಆಗುತ್ತದೆಯೇ?"

"ಒಂಬತ್ತೂವರೆನಾ?" ಅವರು ನಕ್ಕರು. "ಒಂಬತ್ತೂವರೆಗೆ ನಾನು ಗಿಡದ ಸಾಲಲ್ಲಿರ್ತೀನಿ. ಪಾಸ್ಟರ್ ಅಯ್ಯಗಾರು ಮುಂದ್ಲೂರಲ್ಲಿರ್ತಾರೆ. ಒಳಗೆ ದೇವ್ರೊಬ್ಬನೇ ಇರ್ತಾನೆ. ಆತನಿಗೆ ಬೇಕಾದ್ರೆ ಆ ಟೈಮ್ ಹಾಕ್ಕೊಳ್ಳಿ."

ಮಾಲೂರಿನವರು ಬಾಯಿಗೆ ಕರವಸ್ತ್ರ ಇಟ್ಟುಕೊಂಡರು. ಯಾಕೋಬಪ್ಪನವರು ನಿಲ್ಲಿಸಲಿಲ್ಲ.

"ಒಂಬತ್ತೂವರೆ ಆಗಲ್ಲ ಅಂತ ನಿಮ್ಮ ಕಾರ್ಯದರ್ಶಿ ಸಾರಿಗೇ ಗೊತ್ತೈತಲ್ಲಮ್ಮ. ಒಂದ್ ವರ್ಷ ಚರ್ಚಿನ ಚಾವಣಿ ನೋಡಕ್ಕೆ ಅಂತ ಬಿಳೀ ಕಾರಲ್ಲಿ ಬಂದಿದ್ರು. ಒಂಬತ್ತೂವರೆಗೆ ಸರ್ಯಾಗಿ ಬಂದ್ರಂತೆ. ಗೇಟಿಗೆ ಬೀಗ ಇತ್ತು. ನಮ್ಮಾಕೆ ಬೋರ್‌ವೆಲ್ ಹತ್ರದಿಂದ ಕೂಗ್ತಾನೇ ಇದ್ಳು, ಅಷ್ಟ್ರಲ್ಲಿ ಕಾರು ತಿರುಗಿಸ್ಕೊಂಡು ಓಗ್ಬಿಟ್ರು. ಸಾರ್, ಅಲ್ಲೇ ಇದೀರಾ? ಕಾಫಿ ಕುಡೀದೆ ಓದ್ರಿ ಅಂತ ಆಕೆ ಈಗ್ಲೂ ಬೇಜಾರು ಮಾಡ್ಕೊಂತಾಳೆ."

ಆ ಭೇಟಿಯ ವರದಿಯನ್ನು ಟೈಪ್ ಮಾಡಿದ್ದು ನನಗೆ ನೆನಪಿತ್ತು. "ಭೇಟಿಯು ಫಲಪ್ರದವಾಗಿತ್ತು" ಎಂದು ಅದರ ಕೊನೆಯ ಸಾಲು. ಟಿಪ್ಪಣಿಯ ಪುಸ್ತಕದ ಮೇಲೆ ತಲೆ ಬಗ್ಗಿಸಿದೆ. ಮಾಲೂರಿನವರು ಮೆಲ್ಲಗೆ ಕೇಳಿದರು: "ಸಾರ್, ಬೀಗ ಗಟ್ಟಿಯಾಗಿತ್ತಾ?"

ಎಲ್ಲರೂ ನಕ್ಕರು. ಸ್ವಲ್ಪ ತಡವಾಗಿ ಕಾರ್ಯದರ್ಶಿಗಳೂ ನಕ್ಕರು. ನಿರ್ಣಯದಲ್ಲಿ ಹೊಸ ವೆಬ್‌ಸೈಟ್ ಉಳಿಯಿತು, ಸರಿಯುವ ಚಿತ್ರಗಳು ಉಳಿದವು. ಏಕರೂಪದ ವೇಳಾಪಟ್ಟಿ ಹೋಯಿತು. "ಈ ಭಾನುವಾರ" ಎಲ್ಲಕ್ಕಿಂತ ಮೇಲೆ ಇರತಕ್ಕದ್ದು ಎಂದು ಸೇರಿಸಿದರು. ಅದನ್ನು ಟೈಪ್ ಮಾಡುವಾಗ ನಾನು ನಿಘಂಟು ನೋಡಲಿಲ್ಲ.

ಕಾರ್ಯದರ್ಶಿಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಎಚ್ಚರಿಕೆಯ ಪತ್ರಗಳನ್ನು ಅವರು ಹಿಂದಕ್ಕೆ ಪಡೆಯಲಿಲ್ಲ. ಆದರೆ ಆಮೇಲೆ ಎಷ್ಟೋ ಶನಿವಾರಗಳ ಸಂಜೆ ಆರಕ್ಕೆ ಫೋನ್ ಮಾಡಿ, "ನಾಳೇದು ಹಾಕಿದ್ರಾಮ್ಮ?" ಎಂದು ಕೇಳಿದವರೂ ಅವರೇ.

ವರ್ಷಗಳು ಕಳೆದವು. ಶನಿವಾರಗಳು ಒಂದೂ ತಪ್ಪಲಿಲ್ಲ. ನನ್ನ ತಾಯಿ ತೀರಿಕೊಂಡ ವಾರದಲ್ಲಿಯೂ ಸುಗಟೂರಿನ ಮನೆಯ ಜಗಲಿಯಿಂದ ಏಳು ಫೋನು ಮಾಡಿದೆ, ದೊಡ್ಡಮ್ಮ ಬಯ್ದಳು. ಧಾರವಾಡದಿಂದ ಒಂದು ಅಕ್ಷರವೂ ಬರಲಿಲ್ಲ. ನಿವೃತ್ತಿಗೆ ಎರಡು ತಿಂಗಳಿರುವಾಗ ಆ ಶಿಕ್ಷಕಿಯ ಇ-ಮೇಲ್ ಬಂತು.

"ನಾಲ್ಕೈದು ವಾರಗಳಿಂದ ನಿಮ್ಮ 'ಈ ಭಾನುವಾರ' ಪುಟ ಓದುತ್ತಿದ್ದೇನೆ. ಪ್ರತಿ ವಾರವೂ ಬೇರೆ ಇದೆ. 'ಹಾಲು ಹಾಕಿದ ಮೇಲೆ' ಎಂದು ಬರೆದಿದ್ದೀರಿ. ನನ್ನ ತಾಯಿಯೂ ಹೊತ್ತನ್ನು ಹಾಗೆಯೇ ಹೇಳುತ್ತಿದ್ದಳು. ಮುಂದಿನ ಭಾನುವಾರ ಬರುತ್ತೇನೆ. ಈ ಸಲ ಬೀಗವಿದ್ದರೆ ನಿಮ್ಮನ್ನೇ ಕೇಳುತ್ತೇನೆ."

ಒಂದು ವಿಷಯವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆ ನೀಲಿ ಬಾಗಿಲನ್ನು, ಆ ಗೇಟನ್ನು ನಾನು ಅದುವರೆಗೆ ಕಣ್ಣಾರೆ ನೋಡಿರಲಿಲ್ಲ. ಕೇಳಿ ಬರೆದಿದ್ದೆ, ಅಷ್ಟೇ. ಆ ಭಾನುವಾರ ನಾನು ನನ್ನದೇ ಪುಟವನ್ನು ನಂಬಿ ಹೊರಟೆ. ಕೋಲಾರದಿಂದ ಮೊದಲ ಬಸ್ಸು, ಶ್ರೀನಿವಾಸಪುರದಲ್ಲಿ ಬದಲಾವಣೆ, ರಾಯಲ್ಪಾಡಿನ ಕಡೆಯ ಬಸ್ಸು, ಅಲ್ಲಿಂದ ಮಾವಿನ ತೋಪಿನ ಪಕ್ಕದ ದಾರಿಯಲ್ಲಿ ನಡಿಗೆ. ನಾನು ಬರೆದ ಬಸ್ಸಿಗೂ ಬಂದ ಬಸ್ಸಿಗೂ ಹತ್ತು ನಿಮಿಷ ವ್ಯತ್ಯಾಸವಿತ್ತು. ಸೋಮವಾರ ತಿದ್ದಿದೆ.

ಡೈರಿಯ ಮುಂದೆ ಹಾಲಿನ ಕ್ಯಾನುಗಳ ಸಾಲು ಕರಗುತ್ತಿತ್ತು. ಎದುರಿಗೆ ನೀಲಿ ಬಾಗಿಲು. ಬರುತ್ತೇನೆಂದು ಹಿಂದಿನ ಸಂಜೆಯೇ ಫೋನಿನಲ್ಲಿ ತಿಳಿಸಿದ್ದೆ. ಖಾಲಿ ಕ್ಯಾನು ಹಿಡಿದು ಬರುತ್ತಿದ್ದ ಕುಳ್ಳಗಿನ ಮನುಷ್ಯ ನನ್ನನ್ನು ನೋಡಿ ನಿಂತರು.

"ಆಫೀಸಮ್ಮನಾ? ಫೋನಲ್ಲಿ ಎತ್ತರ ಇದ್ರಿ" ಎಂದರು.

ಚರ್ಚಿನ ಗೇಟಿನ ಬಳಿ ಕೈಚೀಲ ಹಿಡಿದ ಒಬ್ಬ ಮಹಿಳೆ ನಮಗಿಂತ ಮೊದಲೇ ಬಂದು ನಿಂತಿದ್ದರು. ತಲೆ ಪೂರ್ತಿ ನರೆತಿತ್ತು. ಯಾಕೋಬಪ್ಪನವರು ಜೇಬಿನಿಂದ ಕೀಲಿ ತೆಗೆದು ಅಂಗೈಯಗಲದ ಹಳೆಯ ಬೀಗವನ್ನು ತೆರೆದರು. ಆ ಮಹಿಳೆ ಕೈ ಚಾಚಿದರು.

"ಅದನ್ನ ಸ್ವಲ್ಪ ಇಲ್ಲಿ ಕೊಡ್ರಿ" ಎಂದರು.

ಕೊಟ್ಟರು. ಅವರು ಅದನ್ನು ಒಮ್ಮೆ ತಿರುಗಿಸಿ ನೋಡಿದರು, ಒಳಗೆ ಹೋಗಿ ಮುಂದಿನ ಚಾಪೆಯ ಮೇಲೆ ಕುಳಿತರು. ಆರಾಧನೆ ಮುಗಿಯುವವರೆಗೂ ಆ ಬೀಗ ಅವರ ಮಡಿಲಲ್ಲಿ, ಹಾಡಿನ ಪುಸ್ತಕದ ಕೆಳಗೆ ಇತ್ತು. ಆಮೇಲೆ ಚರ್ಚಿನ ಹಿಂದಕ್ಕೆ ಹೋಗಿ ಹೂವಿಟ್ಟು ಬಂದರು. ಹೊರಡುವಾಗ ಬೀಗವನ್ನು ಯಾಕೋಬಪ್ಪನವರಿಗೆ ಹಿಂದಿರುಗಿಸಿ, ನನ್ನ ಕಡೆ ತಿರುಗಿ, "ಇವತ್ತ ಕರೆಕ್ಟ್ ಇತ್ರಿ" ಎಂದರು. ನನ್ನ ಇಡೀ ನೌಕರಿಯಲ್ಲಿ ನನ್ನ ಬರವಣಿಗೆಯನ್ನು ಯಾರಾದರೂ ಸರಿ ಎಂದದ್ದು ನನಗೆ ನೆನಪಿರುವುದು ಅದೊಂದೇ ಸಲ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹಾಕಬೇಡಿ. ಯಾರು ಹೇಳಿದರೂ ಹಾಕಬೇಡಿ. ಎಚ್ಚರಿಕೆಯ ಪತ್ರ ಬಂದರೆ ಫೈಲಿನಲ್ಲಿ ನನ್ನ ಎರಡರ ಹಿಂದೆ ಜಾಗವಿದೆ. ಪಟ್ಟಿ ನೀಟಾಗಿ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಇಂದು ಶುಕ್ರವಾರ. ನಾಳೆ ಸಂಜೆ ಐದೂವರೆಗೆ ಯಾಕೋಬಪ್ಪನವರು ಹಸುವಿನ ಹತ್ತಿರ ಇರುತ್ತಾರೆ. ಫೋನು ಸ್ವಲ್ಪ ಹೊತ್ತು ಬಡಿದುಕೊಳ್ಳಲಿ, ಇಡಬೇಡಿ.